ಒಂದು ಹೆಜ್ಜೆ ಹಿಂದೆ ನಡೆಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ ಅಕ್ಕ ಮಂಡಿಯೂರಿ ನೆಲಕ್ಕೆ ಹಳದಿ ಟೇಪು ಅಂಟಿಸುತ್ತಿದ್ದಾರೆ. ಈ ಗುರುತಿನಿಂದ ಆ ಗುರುತಿಗೆ ಮೂವತ್ತು ಮೀಟರ್. ನಿನ್ನೆ ಅಂಟಿಸಿದ್ದು ನೆಲ ಒರೆಸುವಾಗ ಕಿತ್ತುಬಂದಿದೆ. "ಒರೆಸೋರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದೋಯ್ತು" ಎಂದು ಅವರ ಕೆಲಸ ನೋಡಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಎಲ್ಲರೂ ಅಕ್ಕ ಎಂದೇ ಕರೆಯುವ ಈ ತಂತ್ರಜ್ಞೆಯ ಕೆಲಸ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಶ್ವಾಸಕೋಶ ಸೋತವರನ್ನು ಆರು ನಿಮಿಷ ನಡೆಸುವುದು, ನಡೆದ ದೂರ ಬರೆಯುವುದು. ದಿನಕ್ಕೆ ಎಂಟು ಜನ, ಹದಿನೇಳು ವರ್ಷದಿಂದ. ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮಾ ರೋಗ ತೀರಾ ಮುಂದುವರಿದವರಿಗೂ ಈಗ ಎದೆ ಕೊಯ್ಯದ ಚಿಕಿತ್ಸೆಯಿದೆ. ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ಶ್ವಾಸನಾಳದಲ್ಲಿ ಪುಟ್ಟ ಕವಾಟ ಕೂರಿಸುತ್ತಾರೆ. "ಹಾಳಾದ ಭಾಗ ಗಾಳಿ ತುಂಬ್ಕೊಂಡು ಊದ್ಕೊಂಡಿರುತ್ತೆ. ಚೆನ್ನಾಗಿರೋ ಭಾಗಕ್ಕೆ ಜಾಗಾನೇ ಬಿಡಲ್ಲ. ಕವಾಟ ಇದ್ರೆ ಗಾಳಿ ಆಚೆ ಹೋಗುತ್ತೆ, ಒಳಗೆ ಬರಲ್ಲ" ಎಂದು ಅಕ್ಕ ವಿವರಿಸುತ್ತಾರೆ. ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. ಸ್ಕ್ಯಾನ್ ಸರಿಹೊಂದಬೇಕು, ಅದರ ಮೇಲೆ ಇಲ್ಲಿನ ವೈದ್ಯರ ಲೆಕ್ಕದಲ್ಲಿ ರೋಗಿ ಆ ಆರು ನಿಮಿಷದಲ್ಲಿ ನೂರ ನಲವತ್ತು ಮೀಟರಾದರೂ ನಡೆಯಬೇಕು.

ಇಂದು ಮೊದಲು ಬಂದಿರುವವರು ನಿವೃತ್ತ ಬಸ್ ಡ್ರೈವರ್. ಸ್ಕ್ಯಾನ್ ಸರಿಹೊಂದಿದೆ. ಹೋದ ತಿಂಗಳು ನೂರ ಇಪ್ಪತ್ತೆರಡಕ್ಕೇ ನಿಂತಿದ್ದರು. ಮುಖ ತೊಳೆಯಲೂ ಮಗಳು ಹಿಡಿದುಕೊಳ್ಳಬೇಕು, ಅದೇ ಅವರಿಗೆ ದೊಡ್ಡ ಸಂಕಟ. "ಗಾಡಿ ಹಳೇದು ತಾಯಿ, ಏರಲ್ಲಿ ಸ್ವಲ್ಪ ತಳ್ಳು" ಎನ್ನುತ್ತಲೇ ಹೊರಡುತ್ತಾರೆ. ಅಕ್ಕ ತಳ್ಳುವಂತಿಲ್ಲ. ಒಂದು ಹೆಜ್ಜೆ ಹಿಂದೆಯೇ ಬರಬೇಕು. ಮುಂದೆ ಹೋದರೆ ರೋಗಿ ಅವರ ವೇಗ ಹಿಡಿಯಲು ಹೋಗಿ ದಣಿಯುತ್ತಾರೆ.

ಬಹಳ ಹಿಂದೆ ಅಕ್ಕ ಒಂದು ತಪ್ಪು ಮಾಡಿದ್ದಾರೆ, ಅದನ್ನು ತಾವಾಗಿಯೇ ಹೇಳಿಕೊಳ್ಳುತ್ತಾರೆ. "ಒಬ್ಬ ಅಜ್ಜ ಇದ್ರು, ನಮ್ಮಪ್ಪನ ಥರಾನೇ ನಗೋರು. ಪಾಪ ಅನ್ನಿಸ್ತು, ಹತ್ತು ಮೀಟರ್ ಜಾಸ್ತಿ ಬರೆದೆ. ಕವಾಟ ಹಾಕಿದ್ಮೇಲೆ ಎದೆಯೊಳಗೆ ಗಾಳಿ ಸೋರ್ತು. ಅದು ಯಾರಿಗಾದ್ರೂ ಆಗಬಹುದು, ಆದ್ರೆ ತಡ್ಕೊಳ್ಳೋ ಶಕ್ತಿ ಅವರಿಗಿರ್ಲಿಲ್ಲ. ಮೂರು ವಾರ ಪಕ್ಕೆಗೆ ನಳಿಗೆ ಹಾಕಿ ಮಲಗಿಸಿದ್ರು. ಡಾಕ್ಟ್ರ ಹತ್ರ ಹೋಗಿ ಒಪ್ಕೊಂಡೆ. ಅಜ್ಜ ಬದುಕಿದ್ರು. ಈಗ್ಲೂ ಬಂದ್ರೆ ನಂಗೆ ಕೈ ಮುಗೀತಾರೆ, ಭೂಮಿಗೆ ಇಳಿದು ಹೋಗ್ತೀನಿ."

ಡ್ರೈವರ್ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾರೆ, ಮತ್ತೆ ಹೊರಡುತ್ತಾರೆ. ಐದನೇ ಸಲ ಕಾರಿಡಾರಿನ ಅರ್ಧ ದಾಟುತ್ತಲೇ ಆರು ನಿಮಿಷ ಮುಗಿಯುತ್ತದೆ. ನೂರ ಮೂವತ್ತಾರು.

"ನಾಲ್ಕೇ ಮೀಟರ್ ತಾಯಿ... ಸೇರಿಸಿಬಿಡು." ಜೊತೆಗೆ ಬಂದ ಮಗಳು ಅಕ್ಕನ ಪೆನ್ನನ್ನೇ ನೋಡುತ್ತಾಳೆ. ನನಗಂತೂ ಸೇರಿಸಿದರೇನು ಗಂಟು ಹೋಗುತ್ತದೆ ಅನಿಸಿಬಿಡುತ್ತದೆ. ಅಕ್ಕ ೧೩೬ ಎಂದೇ ಬರೆಯುತ್ತಾರೆ. ಆಮೇಲೆ ಡ್ರೈವರ್ ಪಕ್ಕ ಕೂತು ಬೆನ್ನು ಸವರುತ್ತಾರೆ. "ಹೋದ ತಿಂಗಳಿಗಿಂತ ಹದಿನಾಲ್ಕು ಜಾಸ್ತಿ, ಯಜಮಾನ್ರೇ. ಉಸಿರಾಟದ ವ್ಯಾಯಾಮ ಬಿಡ್ಬೇಡಿ. ಮುಂದಿನ ತಿಂಗಳು ಆ ನಾಲ್ಕನ್ನ ನೀವೇ ನಡೀತೀರ."

ಅಪ್ಪ, ಮಗಳು ಲಿಫ್ಟಿನತ್ತ ಹೋದ ಮೇಲೆ, ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗದೇ ಇರುತ್ತಾ? ಇವತ್ತು ಊಟ ಸೇರಲ್ಲ ನಂಗೆ. ಆದ್ರೆ ನಾನು ಬರೆದಿದ್ದನ್ನ ಯಾರೂ ಮತ್ತೆ ಅಳೆದು ನೋಡಲ್ಲ. ಅದನ್ನೇ ನಂಬ್ಕೊಂಡು ಡಾಕ್ಟ್ರು ಒಳಗೆ ಕೊಳವೆ ಇಳಿಸ್ತಾರೆ."