ಮಾವನವರ ಜುಮಕಿ ದಾಸವಾಳ

ಮಾವನವರ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಉಳಿದ ಒಂಬತ್ತು ಉಗುರುಗಳನ್ನು ವಾರಕ್ಕೊಮ್ಮೆ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಕಾಲು ಅಂಗುಲ ಬೆಳೆಸಿದ್ದರು. ಅದರ ಅಂಚಿಗೆ ಎಲೆಯ ರಸ ಇಳಿದು, ಒಣಗಿ, ಮತ್ತೆ ಇಳಿದು, ಯಾವ ಸಾಬೂನಿಗೂ ಬಗ್ಗದ ಬಣ್ಣ ಕೂತಿತ್ತು. ನನ್ನನ್ನು ನೋಡಲು ಹುಕ್ಕೇರಿ ಕಡೆಯ ನಮ್ಮೂರಿಗೆ ಬಂದ ದಿನ ಚಹಾದ ಬಸಿ ಹಿಡಿದ ಆ ಕೈಯನ್ನೇ ನಾನು ಮೊದಲು ನೋಡಿದ್ದು, ಹುಡುಗನ ಮುಖ ಆಮೇಲೆ. ಕೈ ತೊಳೆಯದೆ ಬಂದಿದ್ದಾರೆ ಅಂದುಕೊಂಡೆ. ನಮ್ಮವ್ವನಿಗೂ ಹಾಗೇ ಅನ್ನಿಸಿತ್ತಂತೆ. ಲಗ್ನ ಆಗಿಹೋದ ಮೇಲೆ ಹೇಳಿದಳು.

ಅವರು ಹಿಡಕಲ್‌ನ ಒಂದು ಸರಕಾರಿ ಬಂಗಲೆಯ ತೋಟದಲ್ಲಿ ಮಾಲಿಯಾಗಿದ್ದವರು. ಮಾಲಿ ಅಂದರೆ ನೀರು ಬಿಡುವವ, ಕಸ ಬಳಿಯುವವ ಎಂದು ತಿಳಿದವರಿಗೆ ಅವರು ಮಾತಿನಲ್ಲಿ ಉತ್ತರ ಕೊಡುತ್ತಿರಲಿಲ್ಲ. ತೋಟದ ಹಾದಿಗೆ ಕರೆದೊಯ್ದು ಸುಮ್ಮನೆ ನಿಲ್ಲಿಸುತ್ತಿದ್ದರು. ಹಾದಿಯ ಎರಡೂ ಬದಿ ಜುಮಕಿ ದಾಸವಾಳ. ಎದೆಮಟ್ಟದವರೆಗೆ ಒಂದೇ ಒಂದು ನೆಟ್ಟನೆಯ ಕಾಂಡ, ಅದರಲ್ಲಿ ಒಂದು ರೆಂಬೆಯೂ ಇಲ್ಲ. ಮೇಲೆ ಛತ್ರಿ ಬಿಚ್ಚಿದಂಥ ತಲೆ. ಆ ಛತ್ರಿಯ ತುಂಬ ನೂಲಿನಂಥ ತೊಟ್ಟಿನಲ್ಲಿ ತೂಗುವ, ದಳದ ಅಂಚು ಹರಿದು ಹಿಂದಕ್ಕೆ ಮಡಚಿದ ಕೆಂಪು ಹೂಗಳು. ಇಂಥ ಗಿಡಕ್ಕೆ ಮಾಲಿಗಳು ‘ಸ್ಟ್ಯಾಂಡರ್ಡ್’ ಅನ್ನುತ್ತಾರೆ. ಬೇಲಿಯಲ್ಲಿ ಮೈಚೆಲ್ಲಿ ಬಿದ್ದಿರುವ ದಾಸವಾಳದ ಗೇಣುದ್ದದ ಕಡ್ಡಿಗಳಿಂದ ಅವರು ಅಂಥ ನಲವತ್ತು ಗಿಡ ಎಬ್ಬಿಸಿದ್ದರು.

ಈ ವಿದ್ಯೆ ಅವರಿಗೆ ಸಿಕ್ಕಿದ್ದು ಒಂದು ಸತ್ತ ಗಿಡದಿಂದ. ಬಹಳ ಹಿಂದೆ ಹಿಡಕಲ್‌ನ ಅಣೆಕಟ್ಟೆ ಕಾಲೊನಿಗೆ ಬಂದ ಇಂಜಿನಿಯರೊಬ್ಬರ ಹೆಂಡತಿ ಊಟಿಯಿಂದ ಫ್ಯೂಷಿಯಾ ಗಿಡ ತಂದಿದ್ದರಂತೆ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ. ಫ್ಯೂಷಿಯಾದ ಕಡ್ಡಿಯೊಂದು ಹೇಗೆ ಒಂಟಿ ಕಾಂಡದ ಪುಟ್ಟ ಮರವಾಗುತ್ತದೆ ಎಂಬುದಕ್ಕೆ ಅದರಲ್ಲಿ ಏಳೆಂಟು ಚಿತ್ರಗಳಿದ್ದವು. ಮಾವನವರು ಗಿಡದ ಸುತ್ತ ಹಸಿ ಗೋಣಿಚೀಲ ಕಟ್ಟಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದರೂ ಯುಗಾದಿ ದಾಟುವುದರೊಳಗೆ ಅದು ಕರಕಲಾಯಿತು. ಗಿಡ ತಂದ ಬಾಯಾರು ಅತ್ತರು. ಮಾವನವರು ಅಳಲಿಲ್ಲ, ಆ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡರು. “ಅದು ಥಂಡಿ ಊರಿನ ಕೂಸು. ಅದರ ಪಾಠಾ ನಮ್ಮ ಜುಮಕಿಗೆ ಕಲಿಸಿದ್ರಾತು,” ಎಂದು ಹೇಳಿ ಕಲಿಸಿಯೂಬಿಟ್ಟರು. ಎರಡರ ಹೂವೂ ಮುಖ ಕೆಳಗೆ ಮಾಡಿ ತೂಗುವಂಥದ್ದು. ನೆಲಕ್ಕೆ ಹತ್ತಿದ ಗಿಡದಲ್ಲಿ ಅದರ ಮುಖ ಯಾರಿಗೂ ಕಾಣುವುದಿಲ್ಲ. ಗಿಡವನ್ನು ಮೇಲೆತ್ತಿದರೆ ಮಾತ್ರ ಕಾಣುತ್ತದೆ.

ಹೀಗೆ ನಲವತ್ತು ಗಿಡ ಎಬ್ಬಿಸಿದವರ ಸ್ವಂತ ಊರಾದ ಮಸಗುಪ್ಪಿಯ ಮನೆಯಂಗಳದಲ್ಲಿ ಒಂದೂ ಇರಲಿಲ್ಲ. ರಿಟೈರ್ ಆದ ಮೇಲೆ ಮಾಡಿದರಾಯಿತು ಎಂದು ಇಟ್ಟಿದ್ದರು. ಆದರೆ ನೌಕರಿಯ ಕೊನೆಯ ವರ್ಷ ಪಕ್ಕದಿಂದ ಬಂದ ಎಮ್ಮೆ ಕಾಣದೆ ಎರಡು ಸಲ ಡಿಕ್ಕಿ ಹೊಡೆಸಿಕೊಂಡರು. ಗೋಕಾಕದ ಕಣ್ಣಿನ ಡಾಕ್ಟರು, ಕಣ್ಣೊಳಗಿನ ಒತ್ತಡಕ್ಕೆ ನರ ಒಣಗುತ್ತ ಬಂದಿದೆ, ನೋಟ ಸುತ್ತಲಿಂದ ಮುಚ್ಚುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿಕೊಂಡರೆ ಎರಡು ಮೂರು ವರ್ಷ ತಡೆಯಬಹುದು ಎಂದರಂತೆ. ಒಂದು ಕಡ್ಡಿ ಹೂ ಬಿಡುವ ಸ್ಟ್ಯಾಂಡರ್ಡ್ ಆಗಲಿಕ್ಕೂ ಎರಡು ವರ್ಷ ಬೇಕು. ಅವರು ಅವತ್ತೇ ಲೆಕ್ಕ ಹಾಕಿದರು. ಆ ವರ್ಷ ಜೂನ್‌ನಲ್ಲಿ ಮಿರಗದ ಮಳೆ ಬಿದ್ದೊಡನೆ ಹಿಡಕಲ್‌ನಿಂದ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಬಚ್ಚಲ ಮಗ್ಗುಲ ನೆರಳಿನಲ್ಲಿ ಒಂದು ಕುಂಡದಲ್ಲಿ ನೆಟ್ಟರು.

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಗಿಡ ನನ್ನ ಸೊಂಟದೆತ್ತರ ಇತ್ತು. ಕಣ್ಣಿನ ಸಂಗತಿ ನನಗಾಗಲಿ ನಮ್ಮ ತವರಿನವರಿಗಾಗಲಿ ಯಾರೂ ಹೇಳಿರಲಿಲ್ಲ. ಮಾವನವರು ದಿನಾ ಬೆಳಿಗ್ಗೆ ಜಳಕ ಮಾಡಿ, ಕೊರಳಿನ ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂಡುತ್ತಿದ್ದರು. ಹೂ, ಪತ್ರಿ ತಂದಿಡುವ ಕೆಲಸ ಹೊಸ ಸೊಸೆಯದು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಅಂಗಳದ ಆ ಒಂಟಿ ಗಿಡದ ತುತ್ತತುದಿಯಲ್ಲಿ ಅರೆಬಿರಿದ ಮೊಗ್ಗೊಂದು ಕಂಡಿತು. ಮಾವನವರದೇ ಗಿಡ, ಮಾವನವರದೇ ಪೂಜೆ, ನೋಡಿ ಮೆಚ್ಚಲಿ ಎಂದು ಎಳೆದೆ. ಮೊಗ್ಗಿನ ಜೊತೆ ತುದಿಯೂ ಚಟ್ಟನೆ ಮುರಿದು ಬಂತು. ಚೆಂದಾಯಿತು, ಎರಡು ಎಳೆಎಲೆಯೂ ಸಿಕ್ಕವು ಎಂದು ತಾಟಿನಲ್ಲಿಟ್ಟೆ.

ಅವರು ಅದನ್ನು ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು, ಬಹಳ ಹೊತ್ತು ನೋಡಿದರು. ಆಮೇಲೆ ಲಿಂಗಕ್ಕೆ ಏರಿಸಿ ಪೂಜೆ ಮುಗಿಸಿದರು. ಬೈಯಲಿಲ್ಲ. ಅಂಗಳಕ್ಕೆ ಹೋಗಿ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದು ಎಲ್ಲವನ್ನೂ ಅವತ್ತೇ ಹೇಳಿದ್ದು. ತುದಿ ಹೋದರೆ ಗಿಡ ಮೇಲೇರುವುದಿಲ್ಲ, ಮೂರು ನಾಲ್ಕು ತಿಂಗಳು ಹಿಂದೆ ಬಿದ್ದಂತೆ. ಅವರಿಗೆ ಮೂರು ನಾಲ್ಕು ತಿಂಗಳೆಂದರೆ ಸಣ್ಣ ಮಾತಲ್ಲ. ಆ ಮೊಗ್ಗನ್ನು ಅವರೇ ಹಿಂದಿನ ವಾರ ಚಿವುಟಿ ಹಾಕಬೇಕಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಸೆರಗು ಕಣ್ಣಿಗೆ ಹಚ್ಚಿ ಅಂಗಳದ ಬಾಗಿಲಲ್ಲಿ ನಿಂತೆ.

“ಅಳೂದು ಬಿಡು. ಇಲ್ಲೆ ಬಾ ಯವ್ವಾ,” ಎಂದರು. “ಮುರದ ಕೈನ ಕಟ್ಟಬೇಕು.”

ಮುರಿದ ಜಾಗದ ಕೆಳಗೆ ಎಲೆಯ ಕಂಕುಳಲ್ಲಿ ಸಾಸಿವೆಯಷ್ಟು ದೊಡ್ಡ ಚಿಗುರಿತ್ತು. ಇನ್ನು ಇದೇ ತುದಿ ಎಂದರು. ಅದು ಬೆರಳಷ್ಟು ಆದ ಮೇಲೆ ಬಿದಿರುಕಡ್ಡಿಗೆ ನನ್ನ ಕೈಯಿಂದಲೇ ಕಟ್ಟಿಸಿದರು. ಕಟ್ಟಲು ಅವರ ಹಳೇ ಧೋತರದ ಅಂಚು. ದಾರ ಕಾಂಡವನ್ನು ಕೊರೆಯುತ್ತದಂತೆ. ಮನೆಯಲ್ಲಿ ಒರೆಸಲು ಅರಿವೆ ಇಲ್ಲ, ಗಿಡಕ್ಕೆ ಮಾತ್ರ ಧೋತರ ಎಂದು ಅತ್ತೆ ಗೊಣಗುತ್ತಿದ್ದರು. ಕಡ್ಡಿ ಮತ್ತು ಕಾಂಡದ ನಡುವೆ ಒಂದು ತಿರುವು ಹಾಕಿ, ಕಿರುಬೆರಳು ತೂರುವಷ್ಟು ಸಡಿಲ ಬಿಡಬೇಕು. ದಿನಾ ಬೆಳಿಗ್ಗೆ ಕುಂಡವನ್ನು ಕಾಲುಭಾಗ ತಿರುಗಿಸಬೇಕು, ಇಲ್ಲದಿದ್ದರೆ ಗಿಡ ಬಿಸಿಲಿನ ಕಡೆಗೆ ಗೂನು ಬೀಳುತ್ತದೆ. ಕಾಂಡದ ಎಲೆ ತೆಗೆಯಬಾರದು, ಅವು ಕಾಂಡಕ್ಕೆ ಊಟ ಹಾಕುತ್ತವೆ. ಎಲೆಯ ಸಂದಿಯ ರೆಂಬೆಯನ್ನು ಮಾತ್ರ ಎಳೆಯದರಲ್ಲೇ ಉಗುರಿನಿಂದ ಚಿವುಟಬೇಕು. ಇದೊಂದು ಇರಲಿ ಎಂದು ನಾನು ಬಿಟ್ಟರೆ, “ಗಿಡಾ ಕೇಳಿದ್ದ ಕೊಡಬ್ಯಾಡ, ಅದಕ್ಕ ಬೇಕಾದ್ದ ಕೊಡು,” ಅನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ನನ್ನ ಹೆಬ್ಬೆರಳೂ ಹಸಿರಾಯಿತು. ತವರಿಗೆ ಹೋದಾಗ ನಮ್ಮವ್ವ ಸಾಬೂನು ಹಿಡಿದು ಬಂದಳು.

ಗಿಡ ಬೆಳೆಯಿತು, ಅವರ ನೋಟ ಕಿರಿದಾಯಿತು. ಎರಡನ್ನೂ ನಾನು ಒಂದೇ ಅಂಗಳದಲ್ಲಿ ನೋಡುತ್ತಿದ್ದೆ. ಚಹಾ ಕೊಟ್ಟರೆ ಕಪ್ಪನ್ನು ತಲೆ ಆಡಿಸಿ ಹುಡುಕುತ್ತಿದ್ದರು, ಕೊಳವೆಯೊಳಗಿಂದ ನೋಡುವವರ ಹಾಗೆ. ಒಮ್ಮೆ ಗೋಕಾಕದಿಂದ ತಪಾಸಣೆ ಮುಗಿಸಿ ಬಂದು ನನ್ನ ಗಂಡ ಮುಖ ಬಾಡಿಸಿಕೊಂಡು ಕೂತಿದ್ದಾಗ ಇವರೇ ನಕ್ಕು, “ಅಂಗೈಯಷ್ಟ ಉಳದೈತಿ. ಲಿಂಗ ನೋಡಾಕ ಅಷ್ಟ ಸಾಕು,” ಎಂದರು.

ನನಗೆ ಸಾಕಾಗಿರಲಿಲ್ಲ. ಕಾಂಡ ಎದೆಮಟ್ಟ ಮುಟ್ಟಲು ಇನ್ನೂ ಒಂದು ಗೇಣು ಬೇಕಿತ್ತು. ಇಷ್ಟಕ್ಕೇ ತುದಿ ಚಿವುಟಿ ತಲೆ ಕಟ್ಟಿಸಿದರೆ ಲಗೂನ ಹೂವಾಗುತ್ತದಲ್ಲ ಎಂದು ಧೈರ್ಯ ಮಾಡಿ ಕೇಳಿದೆ. ಅವರು ಬಿದಿರುಕಡ್ಡಿಗೆ ತಾವೇ ಕಟ್ಟಿದ್ದ ಗುರುತಿನ ಅರಿವೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

“ನನ್ನ ಕಣ್ಣ ನೋಡಿ ಗಿಡಾ ಬೆಳ್ಯಾಕ ಬರೂದಿಲ್ಲ ಯವ್ವಾ. ಅಲ್ಲೀ ತನಕ ಬರಲಿ.”

ಬಂತು. ತುದಿ ಚಿವುಟಿದೆವು. ಒಂದು ತುದಿ ನಾಲ್ಕಾಯಿತು, ಪ್ರತಿಯೊಂದನ್ನೂ ಎರಡೆರಡು ಎಲೆಗೆ ಚಿವುಟಿ ಎಂಟಾಯಿತು. ಆಗ ಶುರುವಾಗುವುದು ಮೊಗ್ಗಿನ ಕಾಟ. ಎಳೆ ತಲೆ ಮೊಗ್ಗು ಬಿಟ್ಟರೆ ಬಲವೆಲ್ಲ ಹೂವಿಗೆ ಹೋಗಿ ಛತ್ರಿ ತುಂಬುವುದಿಲ್ಲ. ಮೊದಲ ಮೊಗ್ಗುಗಳನ್ನು, ಎಷ್ಟೇ ಬರಲಿ, ಎಲ್ಲವನ್ನೂ ತೆಗೆಯಬೇಕು. ಇದು ಅವರ ತೋಟದಲ್ಲಿ ಕಟ್ಟಾಜ್ಞೆ. ಛತ್ರಿ ತುಂಬಲು ಇನ್ನೊಂದು ಮಳೆಗಾಲ ಬೇಕಿತ್ತು. ಅವರ ಕಣ್ಣು ಅಲ್ಲಿಯವರೆಗೆ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದಿನಾ ಸಂಜೆ ಕೇಳುತ್ತಿದ್ದರು: “ಮೊಗ್ಗಿ ಬಂದಾವೇನು?”

ಬಂದಿದ್ದವು. ಹತ್ತು ಹನ್ನೆರಡು ಬಂದಿದ್ದವು. ಉಳಿದವನ್ನು ಚಿವುಟಿ ಮೂರನ್ನು ಬಿಟ್ಟಿದ್ದೆ. “ಇಲ್ರಿ ಮಾವಾರ,” ಎಂದೆ. ಮರುದಿನವೂ ಇಲ್ಲ ಎಂದೆ. ಹದಿನೈದು ದಿನ ಹಾಗೇ ಹೇಳಿದೆ. ಗಿಡದ ಮಗ್ಗುಲಲ್ಲೇ ನಿಂತು ಕೇಳುತ್ತಿದ್ದರು. ಕೈ ಎತ್ತಿದ್ದರೆ ಮೊಗ್ಗು ಬೆರಳಿಗೆ ತಾಗುತ್ತಿದ್ದವು. ಎತ್ತಲಿಲ್ಲ.

ಮೂರೂ ಒಂದೇ ಬೆಳಿಗ್ಗೆ ಅರಳಿದವು. ಜಳಕ ಮುಗಿಸಿ ಬಂದವರಿಗೆ ಅಂಗಳಕ್ಕೆ ಬರ್ರಿ ಎಂದೆ. ಅವರು ಗಿಡದ ಮುಂದೆ ನಿಂತು ತಲೆ ನಿಧಾನವಾಗಿ ಆಡಿಸಿದರು. ಒಂದು ಸಿಕ್ಕಿತು. ಅಲ್ಲೇ ನಿಂತರು. ಆಮೇಲೆ ಎರಡನೆಯದು, ಬಹಳ ಹೊತ್ತಿನ ಮೇಲೆ ಮೂರನೆಯದು.

“ನಿನ್ನಿ ಇಲ್ಲ ಅಂದಿದ್ದಿ.”

“ಹೌದ್ರಿ.”

“ನಲವತ್ತ ಗಿಡಾ ಎಬ್ಬಿಸೇನಿ. ಒಂದರದ್ದೂ ಮೊದಲನೇ ಹೂವು ನೋಡಿಲ್ಲ,” ಎಂದರು. “ನನಗ ಇಷ್ಟ ಧೈರ್ಯ ಆಗಿದ್ದಿಲ್ಲ ಯವ್ವಾ.”

ಪೂಜೆಗೆ ಹರಿಯಲೇನ್ರಿ ಎಂದು ಕೇಳಿದೆ. ಅವರು ಬೇಡವೆಂದು ಕೈ ಮಾಡಿದರು. “ಲಿಂಗ ಕೊಳ್ಳಾಗ ಐತಿ. ಹೂವಿನ ಕಡೆ ನಾನ ಹೋಗ್ತೇನಿ.” ಗಿಡದ ಬುಡದಲ್ಲಿ ಮಣೆ ಹಾಕಿಸಿಕೊಂಡು ಕೂತರು. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಆ ಮೂರು ಹೂವಿನ ಕೆಳಗೆ ಪೂಜೆ ಮಾಡಿದರು. ಒಮ್ಮೆ ಅಂಗೈ ನೋಡುವರು, ಒಮ್ಮೆ ಮೇಲೆ ನೋಡುವರು. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ನನಗೆ ಅಳು ಬಂತು, ನಾಚಿಕೆ ಇಲ್ಲದೆ ಅತ್ತುಬಿಟ್ಟೆ. ಎದ್ದು ಹೋಗುವಾಗ ಅವರು ಹೇಳಿದ್ದು ಮಾಲಿಯ ಮಾತೇ: ಇವು ಉದುರಿದ ಮೇಲೆ ಮುಂದೆ ಬಂದದ್ದನ್ನೆಲ್ಲ ಚಿವುಟು, ಒಂದನ್ನೂ ಬಿಡಬೇಡ.

ಬಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಛತ್ರಿ ತುಂಬಿತು. ಕುಲಗೋಡದಿಂದೆಲ್ಲ ಜನ ನೋಡಲು ಬಂದರು. ಅಷ್ಟರಲ್ಲಿ ಮಾವನವರಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಅಯ್ಯೋ, ನಿಮಗೆ ನೋಡಾಕ ಆಗಲಿಲ್ಲಲ್ರಿ ಎಂದು ಯಾರಾದರೂ ಮರುಗಿದರೆ ಅವರು ಗತ್ತಿನಿಂದಲೇ ಉತ್ತರಿಸುತ್ತಿದ್ದರು: “ಎಲ್ಲಾರಕಿಂತ ಮೊದಲ ನೋಡಿದಾಂವ ನಾನ.”

ಆ ವರ್ಷದ ಚಳಿಯಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದರು. ನಾನೀಗ ಮೂಡಲಗಿ ರಸ್ತೆಯಲ್ಲಿ ಸಸಿಗಳ ನರ್ಸರಿ ನಡೆಸುತ್ತೇನೆ. ಒಂಟಿ ಕಾಂಡದ ಜುಮಕಿ ಬೇಕೆಂದವರು ನನ್ನಲ್ಲಿಗೇ ಬರುತ್ತಾರೆ. ನನ್ನ ಕಾಂಡಗಳು ನೆಟ್ಟಗಿರುತ್ತವೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೊದಲ ಮೊಗ್ಗು ಚಿವುಟುವುದನ್ನು ಕಂಡು ಹೆಣ್ಣುಮಕ್ಕಳು, ಒಂದರೆ ಬಿಡ್ರಿ ಅಕ್ಕಾರ ಎಂದು ಗೋಗರೆಯುತ್ತಾರೆ. ಬಿಡುವುದಿಲ್ಲ. ಆ ಕೈ, ಆ ಕಟ್ಟುನಿಟ್ಟು, ಈ ಹೊಟ್ಟೆಪಾಡು, ಎಲ್ಲ ಅವರು ಕೊಟ್ಟದ್ದು. ಹದಿನೈದು ದಿನದ ಆ ಸುಳ್ಳು ಮಾತ್ರ ನನ್ನದು. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.