ಮೈದಾ ವ್ಯಾಗನ್ನಿನ ಮುಚ್ಚಳ

ಶಿವರುದ್ರಪ್ಪನವರು ಅಡಿಲೇಡ್‌ನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ರೈಲಿನಿಂದ ಮೈದಾ ಇಳಿಸಿಕೊಂಡವರು. ನಿವೃತ್ತರಾಗಿ ಪರ್ತ್‌ಗೆ ಬಂದಮೇಲೆ ಸದರ್ನ್ ರಿವರ್‌ನ ಮನೆಯ ಗ್ಯಾರೇಜಿನಲ್ಲಿ ಅದೇ ಕಾರ್ಖಾನೆಯನ್ನು ಆಟಿಕೆ ರೈಲಿನ ಸಮೇತ ಮೇಜಿನಗಲಕ್ಕೆ ಕಟ್ಟಿದರು. ಕಾರು ಬೀದಿಗೆ ಬಿತ್ತು. ೨೦೧೪ರ ಆಟಿಕೆ ರೈಲುಗಳ ಪ್ರದರ್ಶನದಲ್ಲಿ ಅದಕ್ಕೆ ಬಾಗಿಲ ಬಳಿಯೇ ಜಾಗ ಸಿಗಬೇಕೆಂಬುದು ಅವರ ಆಸೆ.

ಪ್ರದರ್ಶನ ನಡೆಸುವ ಗ್ರೇಮ್ ಒಂದು ಷರತ್ತು ಹಾಕಿದ. ಮುಚ್ಚಿದ ಬೂದು ವ್ಯಾಗನ್‌ಗಳು ಮಂಕಾಗಿವೆ. ಮೈದಾ ಮೂಟೆ ಕಾಣುವ ತೆರೆದ ವ್ಯಾಗನ್ ಹಾಕಿದರೆ ಮಾತ್ರ ಬಾಗಿಲ ಬಳಿ ಜಾಗ. ಶಿವರುದ್ರಪ್ಪನವರು ಕೆಂಡವಾಗಿ ಕ್ಯಾನಿಂಗ್ಟನ್‌ನ ನನ್ನ ಆಟಿಕೆ ಅಂಗಡಿಗೆ ಬಂದರು.

ನನ್ನಲ್ಲಿ ಕೆಂಪು ತೆರೆದ ವ್ಯಾಗನ್‌ಗಳು ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದವು. "ಹಾಕ್ಬಿಡಿ ಅಂಕಲ್, ಮಕ್ಕಳು ಖುಷಿಪಡ್ತಾರೆ," ಎಂದೆ.

"ತಿನ್ನೋ ಪದಾರ್ಥ ಕಣಯ್ಯ. ಮೇಲೆ ಹಕ್ಕಿ ಹಾರಲ್ವಾ? ಮುಚ್ಚಳ ಸರಿಯಾಗಿ ಕೂತಿಲ್ಲ ಅಂತ ಒಂದ್ಸಲ ಇಡೀ ವ್ಯಾಗನ್ ವಾಪಸ್ ಕಳಿಸಿದೋನು ನಾನು. ಮ್ಯಾನೇಜರ್ ಕೂಗಾಡಿದ್ರೂ ಕಳಿಸ್ದೆ. ಈಗ ಗ್ರೇಮ್ ಹೇಳ್ದ ಅಂತ ಮುಚ್ಚಳ ತೆಗೀಲಾ?"

"ಇದು ಪ್ಲಾಸ್ಟಿಕ್ ಮೈದಾ, ಅಂಕಲ್."

"ಕಾರ್ಖಾನೆ ನಂದು."

ಪ್ರದರ್ಶನದ ದಿನ ಅವರ ಮೇಜು ಶೌಚಾಲಯದ ಪಕ್ಕದಲ್ಲಿತ್ತು. ಮೈದಾಕ್ಕೆ ಮುಚ್ಚಿದ ಬೂದು ವ್ಯಾಗನ್, ಎಣ್ಣೆಗೆ ಟ್ಯಾಂಕರ್, ಒಂದೂ ಬದಲಾಗಿರಲಿಲ್ಲ. ಕೈ ತೊಳೆದು ಹೊರಬಂದವರನ್ನೆಲ್ಲ ನಿಲ್ಲಿಸಿ ಅವರು ಮುಚ್ಚಳ ಏಕೆ ಬೇಕೆಂದು ವಿವರಿಸುತ್ತಿದ್ದರು. ಮಧ್ಯಾಹ್ನ ಗ್ರೇಮ್ ಅವಸರವಾಗಿ ಆ ಕಡೆ ಬಂದ. ಅವನನ್ನು ಮಾತ್ರ ಒಳಹೋಗುವ ಮೊದಲೇ ಹಿಡಿದುಕೊಂಡರು.