ಬಿಸಿನೀರಿನ ಚೀಲ ತಂದ ಚಳಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಶಾಲಕ್ಕ ಎಂದೇ ಕರೆಯುತ್ತಿದ್ದರು. ಹೊಸ ಕಟ್ಟಡಕ್ಕೆ ಬಂದ ಮೇಲೆ ಅಂಟಿದ ಹೆಸರು ಅದು. ಹೊರಗೆ ಬಿಸಿಲು ರಣಗುಟ್ಟುತ್ತಿದ್ದರೂ ಅವಳ ಹೆಗಲ ಮೇಲೆ ಉಣ್ಣೆಯ ಶಾಲು ಇರುತ್ತಿತ್ತು.

ವಿಮಾ ಕಂಪನಿಯ ಆ ಕಚೇರಿಗೆ ಅವಳು ಮದುವೆಗೆ ಮುಂಚೆಯೇ ಬೆರಳಚ್ಚುಗಾರ್ತಿಯಾಗಿ ಸೇರಿದ್ದಳು. ಹಳೆಯ ಕಟ್ಟಡದಲ್ಲಿ ಅವಳ ಮೇಜಿನ ಪಕ್ಕಕ್ಕೇ ಕಿಟಕಿ. ಅದರ ಚಿಲಕ ಕಳಚಿಹೋಗಿ, ಮಡಚಿದ ರಟ್ಟಿನ ಚೂರು ಸಿಕ್ಕಿಸಿದರಷ್ಟೇ ಮುಚ್ಚಿ ನಿಲ್ಲುತ್ತಿತ್ತು. ಚಳಿಯಾದರೆ ರಟ್ಟು ಸಿಕ್ಕಿಸುವುದು, ಸೆಖೆಯಾದರೆ ಕಿತ್ತು ಡ್ರಾಯರಿಗೆ ಹಾಕುವುದು. ಹವಾಮಾನದ ಮೇಲೆ ಅವಳಿಗಿದ್ದ ಅಧಿಕಾರ ಅಷ್ಟು, ಮತ್ತು ಅದು ಸಾಕಾಗಿತ್ತು.

ಹೊಸದು ಪರಿಸರಸ್ನೇಹಿ ‘ಹಸಿರು ಕಟ್ಟಡ’. ಬಾಗಿಲಲ್ಲೇ ಎಲೆಯ ಚಿತ್ರದ ಹಿತ್ತಾಳೆ ಫಲಕ. ಗೋಡೆಯೆಲ್ಲ ಗಾಜು, ತೆರೆಯುವ ಕಿಟಕಿ ಒಂದೂ ಇಲ್ಲ. ಗಾಳಿ ಸೂರಿನ ಜಾಲರಿಗಳಿಂದ ಇಳಿಯುತ್ತಿತ್ತು, ಅವುಗಳಲ್ಲೊಂದು ಸರಿಯಾಗಿ ಅವಳ ನೆತ್ತಿಯ ಮೇಲಿತ್ತು. ಚಳಿ ತಗುಲಿದರೆ ಅವಳ ಬೆರಳ ತುದಿಗಳು ಬಿಳಚಿ, ಜೋಮು ಹಿಡಿದು, ಬೇರೆ ಯಾರದ್ದೋ ಎನ್ನುವಂತಾಗುತ್ತಿದ್ದವು. ಮೊದಲು ಅದು ಚಳಿಗಾಲದ ಬೆಳಗಿನ ತೊಂದರೆ, ಈಗ ವರ್ಷವಿಡೀ. ಪಾಲಿಸಿ ಸಂಖ್ಯೆಗಳು ತಪ್ಪತೊಡಗಿದವು.

“ಇನ್ನೊಂದ್ಸಲ ಹೀಗಾದ್ರೆ ಕೀಬೋರ್ಡ್ ಬೇರೆಯವ್ರಿಗೆ ಕೊಡ್ಬೇಕಾಗತ್ತೆ ನೋಡಮ್ಮ,” ಎಂದರು ಸಾಹೇಬರು.

ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ. ಗಂಡ ತೀರಿಕೊಂಡಾಗಲೂ ಅವಳನ್ನು ಎತ್ತಿ ನಿಲ್ಲಿಸಿದ್ದು ಆ ಕೀಲಿಗಳ ಟಕಟಕವೇ.

ಅಷ್ಟರಲ್ಲಿ ಕಟ್ಟಡ ನೋಡಿಕೊಳ್ಳುವವರು ಎಲ್ಲರ ಇಷ್ಟಾನಿಷ್ಟ ಕೇಳಿದರು: ಬೆಳಕು ಹೇಗಿರಲಿ, ಸದ್ದು ಎಷ್ಟಿರಲಿ, ಗಾಳಿ ಹಿತವೋ ಅಹಿತವೋ. ಶಾಲಕ್ಕ ‘ವಿಪರೀತ ಚಳಿ’ ಎಂದಳು. ಕಂಬದ ಆಚೆ ಕೂರುವ, ಕೂತಲ್ಲೇ ಬೆವರುವ ಗುಂಡಣ್ಣ ‘ವಿಪರೀತ ಸೆಖೆ’ ಎಂದ. ಎಲ್ಲರದ್ದೂ ಕೂಡಿಸಿ ಭಾಗಿಸಿದಾಗ ಹವೆ ಹಿತವಾಗಿದೆ ಎಂದು ಬಂತು.

“ನಂಗೂ ಹಿತ ಇಲ್ಲ, ನಿಂಗೂ ಹಿತ ಇಲ್ಲ, ಇಬ್ರನ್ನೂ ಕೂಡಿಸಿದ್ರೆ ಹಿತ. ಥೇಟ್ ಸಂಸಾರ ಇದ್ದ ಹಾಗಾಯ್ತಲ್ಲಕ್ಕ!” ಎಂದು ಗುಂಡಣ್ಣ ನಕ್ಕ.

“ನೀನು ಹುಟ್ಟುವಾಗ್ಲೇ ಕಂಬಳಿ ಹೊದ್ಕೊಂಡು ಬಂದವ್ನು. ನಂಗೆ ಶಾಲೇ ಗತಿ,” ಎಂದಳು ಅವಳು.

ಮನೆಯಲ್ಲಿ ಅತ್ತೆ ತನ್ನ ಮಂಡಿನೋವಿನ ರಬ್ಬರ್ ಚೀಲ ತೆಗೆದುಕೊಟ್ಟಳು. “ಬಿಸಿನೀರು ತುಂಬ್ಕೊಂಡು ಹೋಗು. ನನ್ನ ಮಂಡಿ ನರಳಿದ್ರೆ ಮನೇಲೇ ನರಳತ್ತೆ. ನಿನ್ನ ಕೈ ಬಿದ್ಹೋದ್ರೆ ಇಬ್ರ ಬಾಯಿಗೂ ಮಣ್ಣೇ.”

ಮೇಜಿನ ಪಕ್ಕದ ಕಂಬದಲ್ಲಿ ಒಂದು ಕೊಕ್ಕೆಯಿತ್ತು. ಚೀಲವನ್ನು ಅದಕ್ಕೆ ನೇತುಹಾಕಿ, ಆಗಾಗ ಎದ್ದು ಅಂಗೈ ಒತ್ತಿಕೊಳ್ಳುತ್ತಿದ್ದಳು. ಬೆರಳಿಗೆ ಜೀವ ಬರುತ್ತಿತ್ತು. ಆದರೆ ಅಂದಿನಿಂದ ಮೇಲಿನ ಗಾಳಿ ಇನ್ನಷ್ಟು ಕೊರೆಯತೊಡಗಿತು. ಅವಳು ಇನ್ನೂ ಬಿಸಿಯಾದ ನೀರು ತುಂಬಿದಳು. ಗಾಳಿ ಮತ್ತೂ ಜೋರಾಯಿತು. ಸಾಲಿನವರೆಲ್ಲ ಸೀನತೊಡಗಿದರು. ಗುಂಡಣ್ಣನೊಬ್ಬ ಮಾತ್ರ ನೆಮ್ಮದಿಯಾಗಿ ಸಿಳ್ಳೆ ಹಾಕುತ್ತಿದ್ದ.

ದೂರು ಹೋಗಿ ಮೆಕ್ಯಾನಿಕ್ ಬಂದ. ಏಣಿ ಹತ್ತಿ ಜಾಲರಿ ನೋಡಿದ, ಇಳಿದು ಕಂಬ ನೋಡಿದ. ಚೀಲದ ಮೇಲುಗಡೆ ಒಂದು ಬಿಳಿ ಡಬ್ಬಿಯಿತ್ತು.

“ಈ ಚೀಲ ಯಾರದ್ದು?”

“ನಂದೇ. ಯಾಕಪ್ಪ?”

“ಈ ಡಬ್ಬೀನೇ ಅಕ್ಕಾ ಸೆನ್ಸರ್. ಇದಕ್ಕೆ ಬಿಸಿ ತಾಗಿದ್ರೆ ಇಡೀ ಸಾಲು ಬೇಯ್ತಿದೆ ಅನ್ಕೊಂಡು ತಣ್ಣಗೆ ಬಿಡತ್ತೆ. ಇಷ್ಟು ದಿನ ಚಳಿ ತರಿಸಿದ್ದು ನೀವೇ!”

ಸಾಲಿಗೆ ಸಾಲೇ ಗೊಳ್ಳೆಂದಿತು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡವಳಿಗೆ ಅವರ ಜೊತೆ ಸೇರಿ ನಗದೆ ಬೇರೆ ದಾರಿಯಿರಲಿಲ್ಲ. ನಗು ಇಳಿದ ಮೇಲೆ ಮೆಲ್ಲಗೆ ಕೇಳಿದಳು: “ಚೀಲ ತೆಗೀತೀನಿ. ಮುಂಚಿನ ಚಳೀನೂ ನಂಗೆ ಆಗಲ್ಲಪ್ಪ. ಅದನ್ನ ಸ್ವಲ್ಪ ಕಮ್ಮಿ ಮಾಡಕ್ಕಾಗತ್ತಾ?”

“ಅದು ಹೆಡ್ ಆಫೀಸಲ್ಲಿ ಲಾಕ್ ಆಗಿದೆ ಅಕ್ಕಾ. ನಾನು ಏಣಿ ಹೊರೋನು ಅಷ್ಟೇ.”

ಮರುದಿನ ಡಬ್ಬಿಗೆ ಉಕ್ಕಿನ ಪಂಜರ ಬಂತು, ಕೊಕ್ಕೆಯನ್ನೂ ಕಿತ್ತರು. ಮಳೆಗಾಲ ಮುಗಿಯುವ ಮೊದಲೇ ಅವಳ ಬೆರಳು ಮತ್ತೆ ಎಡವಿತು. ಒಂದು ಅಂಕಿ ಹಿಂದುಮುಂದಾಗಿ, ಯಾರೋ ವಿಧವೆಗೆ ಹೋಗಬೇಕಿದ್ದ ಮರಣ ಪರಿಹಾರದ ಪತ್ರ ಬದುಕಿದ್ದ ಗಂಡಸೊಬ್ಬನ ಮನೆಗೆ ಹೋಯಿತು. ಸಾಹೇಬರು ಬೈಯಲಿಲ್ಲ. ಅವಳಿಗೆ ಅಲ್ಲೇ ಅರ್ಥವಾಯಿತು.

“ಕೆಳಗೆ ರೆಕಾರ್ಡ್ ರೂಮಿದೆ. ಗೋಡೆಯಾಚೆ ಜನರೇಟರು, ಬೆಚ್ಚಗಿರತ್ತೆ. ನಿಮಗೆ ಬೇಕಾಗಿದ್ದೂ ಅದೇ ತಾನೇ?” ಎಂದರು.

ಈಗ ಅವಳು ನೆಲಮಾಳಿಗೆಯಲ್ಲಿ ಕೂರುತ್ತಾಳೆ. ಯಾರಾದರೂ ಹಳೆಯ ಫೈಲು ಕೇಳಿದರೆ ತೆಗೆದುಕೊಡಬೇಕು, ಕೇಳುವವರು ಕಡಿಮೆ. ಚೀಲ ಅತ್ತೆಯ ಮಂಡಿಗೆ ಮರಳಿದೆ. ಶಾಲು ಕುರ್ಚಿಯ ಬೆನ್ನಿಗೆ ಬಿದ್ದಿರುತ್ತದೆ. ಬೆರಳುಗಳು ಕೆಂಪಗೆ, ಬೆಚ್ಚಗೆ, ಎಷ್ಟು ಬೇಕಾದರೂ ಅಚ್ಚು ಹೊಡೆಯಲು ಸಿದ್ಧವಾಗಿವೆ. ಅಲ್ಲಿ ಕೀಬೋರ್ಡ್ ಇಲ್ಲ.

ವಿದ್ಯುತ್ ಉಳಿಸುವ ಕಟ್ಟಡವಾದ್ದರಿಂದ, ಕೋಣೆಯಲ್ಲಿ ಅಲುಗಾಟ ಕಾಣದಿದ್ದರೆ ದೀಪ ತಾನಾಗಿ ಆರಿಹೋಗುತ್ತದೆ. ಮೊದಮೊದಲು ಅವಳು ತಕ್ಷಣ ಕೈ ಎತ್ತಿ ಬೀಸುತ್ತಿದ್ದಳು. ಈಗೀಗ, ಯಾರಾದರೂ ಬಾಗಿಲು ತಟ್ಟುವವರೆಗೆ ಹಾಗೇ ಕೂತಿರುತ್ತಾಳೆ.